ಕೋರ್ಟಿನಿಂದ ಕೇರಿಗೆ ಹೋದ ವಕೀಲರು

ಯಾರಾದ್ರೂ ತಪ್ಪು ಮಾಡಿದ್ರೆ ನಾವು ಮೊದಲು ಕೇಳೋದು, ಅವನಿಗೆ ಏನು ಶಿಕ್ಷೆ ಅಂತ. ಆದರೆ ನೋವು ತಿಂದವನಿಗೆ ಏನು ಬೇಕು, ಅದನ್ನು ಯಾರು ಸರಿ ಮಾಡಬೇಕು? ಈ ಪ್ರಶ್ನೆಯಿಂದ ಶುರುವಾಗುವ ನ್ಯಾಯಕ್ಕೆ ಈಗ ರಿಸ್ಟೋರೇಟಿವ್ ಜಸ್ಟಿಸ್ ಅಂತಾರೆ. ಆ ಹೆಸರು ಬರುವ ಎಷ್ಟೋ ಮೊದಲೇ ನಮ್ಮ ಕರಾವಳಿಯ ಒಬ್ಬ ವಕೀಲರು ಅದೇ ಪ್ರಶ್ನೆ ಹಿಡಿದು ಕೆಲಸ ಮಾಡಿದ್ದರು. ಅವರು ಕುದ್ಮುಲ್ ರಂಗರಾವ್.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಆಗ ಕಾಸರಗೋಡು, ಮಂಗಳೂರು, ನಮ್ಮ ಬ್ರಹ್ಮಾವರ, ಕುಂದಾಪುರ, ಬೈಂದೂರು ಎಲ್ಲ ಒಂದೇ ಜಿಲ್ಲೆ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಬಂದು ಮೇಷ್ಟ್ರಾದರು, ಆಮೇಲೆ ವಕೀಲರಾದರು. ಬಡವರ ಕೇಸು ಹಿಡಿಯುವವರು ಅಂತ ಹೆಸರಾಯ್ತು.

ಆಗ ಬೆಂದೂರಿನ ಬಾಬು ಎಂಬ ದಲಿತ ಯುವಕನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಮೇಲ್ಜಾತಿಯವರು ವಿರೋಧಿಸಿದರು. ನ್ಯಾಯ ಕೊಡುವ ಜಾಗದಲ್ಲೇ ಹೀಗೆ! ಇದು ರಂಗರಾಯರ ಮನಸ್ಸಿಗೆ ನಾಟಿತು. ಇಲ್ಲಿ ಯಾರ ಮೇಲೆ ಕೇಸು ಹಾಕೋದು? ತಪ್ಪು ಒಬ್ಬನದ್ದಲ್ಲ, ಇಡೀ ಸಮಾಜದ್ದು. ಹಾಗಾಗಿ ಅದನ್ನು ಸರಿ ಮಾಡುವ ಹೊಣೆ ತನ್ನ ಮೇಲೂ ಇದೆ ಅಂತ ಅವರು ನಡೆದುಕೊಂಡರು.

1892ರಲ್ಲಿ ಮಂಗಳೂರಿನ ಉರ್ವಾ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ವಿರೋಧ ಜೋರಾಯ್ತು, ಪಾಠ ಮಾಡಲು ಮೇಷ್ಟ್ರು ಸಿಗಲಿಲ್ಲ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಶುರು ಮಾಡಿದರು. ಮಗು ಶಾಲೆಗೆ ಬಂದರೆ ಮನೆಗೆ ಬರುವ ಕೂಲಿ ತಪ್ಪುತ್ತದೆ ಅಂತ ಗೊತ್ತಾದಾಗ ಮಕ್ಕಳಿಗೆ ಊಟ ಕೊಟ್ಟರು, ದಿನಕ್ಕೆ 2 ಪೈಸೆಯನ್ನೂ ಕೊಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ನೇಯ್ಗೆ, ಮರಗೆಲಸ ಕಲಿಸಿದರು, ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ಮುನಿಸಿಪಾಲಿಟಿಯಲ್ಲಿ, ಜಿಲ್ಲಾ ಬೋರ್ಡಿನಲ್ಲಿ ದಲಿತರಿಗೂ ಸೀಟು ಬೇಕು ಅಂತ ಹೋರಾಡಿದರು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರ ಮಾಡಲೂ ಜನ ಬರಲಿಲ್ಲ. ಅವರು ಹಿಂದೆ ಸರಿಯಲಿಲ್ಲ. ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ 1912ರಲ್ಲಿ ಬೇರೆ ಜಾತಿಯ ಪಿ. ಸುಬ್ಬರಾಯನ್ ಜೊತೆ ಮದುವೆ ಮಾಡಿಸಿದರು. ಈ ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು.

1927ರಲ್ಲಿ ಸನ್ಯಾಸ ತಗೊಂಡು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ದಲಿತರೇ ಹೊರಬೇಕು ಅಂತ ಮೊದಲೇ ಹೇಳಿಟ್ಟಿದ್ದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಮಿಷನ್ ನೋಡಿ ಹೋದರು.

ಅವರು ಹಿಡಿದ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಸ್ವಂತ ಗದ್ದೆ ಉಳುವ ಆಸೆಯ ಚೋಮನ ಕತೆಯನ್ನು ನಮ್ಮ ಕೋಟದ ಶಿವರಾಮ ಕಾರಂತರು ಬರೆದದ್ದು ಅವರು ಹೋದ ಮೇಲೆ. ನಮ್ಮ ತಾಲೂಕುಗಳಲ್ಲೂ ಇರುವ ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಕಾಯ್ದೆ ಅಜಲನ್ನು ನಿಲ್ಲಿಸಬಹುದು. ಆದರೆ ಅಷ್ಟು ತಲೆಮಾರು ಕಳಕೊಂಡ ಓದು, ಜಾಗ, ಮರ್ಯಾದೆಯನ್ನು ವಾಪಸ್ ಕೊಡೋದು ಬೇರೆಯೇ ಕೆಲಸ.

ತಾನು ಓದಿಸಿದ ಕೇರಿಯ ಮಗು ದೊಡ್ಡ ಕೆಲಸಕ್ಕೆ ಸೇರಿ ಕಾರಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನೋದು ರಂಗರಾಯರ ಆಸೆಯಾಗಿತ್ತು. ಮುಂದಿನ ಸಲ ಮಂಗಳೂರಿಗೆ ಹೋದಾಗ ಪುರಭವನದ ಬೋರ್ಡ್ ನೋಡಿ. ಅಲ್ಲಿರೋದು ಅವರದೇ ಹೆಸರು.