ಏಣಿ ಕಟ್ಟಿದ್ದು ಜಾನ್ ಮೂಡಿ, ಗೆರೆ ಎಳೆದದ್ದು ಸರ್ಕಾರ

2017ರ ನವೆಂಬರ್‌ನಲ್ಲಿ ಮೂಡೀಸ್ ಅನ್ನೋ ಅಮೆರಿಕದ ಸಂಸ್ಥೆ ಭಾರತದ ಸಾಲದ ದರ್ಜೆಯನ್ನು ಒಂದು ಮೆಟ್ಟಿಲು ಮೇಲೇರಿಸಿತು. ಕೇಂದ್ರ ಸರ್ಕಾರ ಅದನ್ನು ತನ್ನ ಆರ್ಥಿಕ ನೀತಿಗೆ ಸಿಕ್ಕ ಸರ್ಟಿಫಿಕೇಟು ಅಂತ ಎತ್ತಿ ತೋರಿಸಿತು. ಸಿಟ್ಟಾದ ಕೇರಳದ ಕೆಲವು ಎಡಪಂಥೀಯ ನೆಟ್ಟಿಗರು ಫೇಸ್‌ಬುಕ್ಕಿಗೆ ನುಗ್ಗಿ ಮೂಡಿಯನ್ನು ಹಿಗ್ಗಾಮುಗ್ಗಾ ಬೈದರು. ಪಾಪ, ಬೈಸಿಕೊಂಡವರು ಟಾಮ್ ಮೂಡಿ, ಆಸ್ಟ್ರೇಲಿಯಾದ ಮಾಜಿ ಕ್ರಿಕೆಟಿಗ! ನಿಜವಾದ ಮೂಡಿ ಬೈಸಿಕೊಳ್ಳೋಕೆ ಸಿಗುವಂತಿರಲಿಲ್ಲ. ಆತ ಸತ್ತು ಆಗಲೇ 59 ವರ್ಷವಾಗಿತ್ತು.

ಮ್ಯೂಚುವಲ್ ಫಂಡ್ ಕಂಪನಿಗಳು ತಿಂಗಳು ತಿಂಗಳು ಹಾಕುವ ಪಟ್ಟಿಗಳನ್ನು ಓದುವ ಅಭ್ಯಾಸ ನನಗಿದೆ. ಯಾವ ಫಂಡ್ ಯಾರ ಸಾಲಪತ್ರ ಹಿಡಿದಿದೆ, ಎಷ್ಟು ಹಿಡಿದಿದೆ ಅನ್ನೋ ಪಟ್ಟಿಗಳು ಅವು. ಪ್ರತಿ ಸಾಲಿನ ಪಕ್ಕದಲ್ಲೂ ಎಎಎ, ಎಎ, ಎ ಅಂತ ಅಕ್ಷರಗಳಿರುತ್ತವೆ. ಬಾಂಡ್‌ಗೆ ಅಕ್ಷರ ಕೊಡುವ ಈ ಪದ್ಧತಿ ಎಲ್ಲಿಂದ ಬಂತು ಅಂತ ಹಿಂದೆ ಹೋದರೆ ಸಿಗುವವನು ಜಾನ್ ಮೂಡಿ. ಆತನ ಬದುಕಿನ ಕಥೆ ಹೇಳೋಕೆ ನನಗಿರೋ ಕಾರಣ ಇಷ್ಟೇ: ಆ ಅಕ್ಷರಗಳ ಮೇಲೆ ಕೂತಿರೋದು ನಿಮ್ಮ ಪಿಎಫ್, ನಿಮ್ಮ ಅಪ್ಪನ ಪಿಂಚಣಿ, ನಿಮ್ಮ ಎಸ್‌ಐಪಿ.

ಪುಸ್ತಕ ಮಾರಿದ ಗುಮಾಸ್ತ

ಮೂಡಿ ಹುಟ್ಟಿದ್ದು 1868ರ ಮೇ 2ರಂದು, ನ್ಯೂಯಾರ್ಕಿಗೆ ಹಡ್ಸನ್ ನದಿಯ ಆಚೆ ದಡದಲ್ಲಿರುವ ಜೆರ್ಸಿ ಸಿಟಿಯಲ್ಲಿ. ಅದೇ ವರ್ಷ ಹೆನ್ರಿ ಪೂರ್ ಎಂಬಾತ ಅಮೆರಿಕದ ರೈಲ್ವೆ ಕಂಪನಿಗಳ ಕೈಪಿಡಿ ಹೊರತಂದಿದ್ದ. ಆಗ ರೈಲು ಹಳಿ ಹಾಕುವ ದುಡ್ಡಿನ ದೊಡ್ಡ ಪಾಲು ಬರುತ್ತಿದ್ದದ್ದು ಬಾಂಡ್‌ಗಳಿಂದ. ಬಾಂಡ್ ಅಂದ್ರೆ ಸಾಲಪತ್ರ. ಕಂಪನಿ ನಿಮ್ಮಿಂದ ಸಾಲ ತಗೊಳ್ಳುತ್ತೆ, ವರ್ಷ ವರ್ಷ ಬಡ್ಡಿ ಕೊಡುತ್ತೆ, ಅವಧಿ ಮುಗಿದ ಮೇಲೆ ಅಸಲು ತೀರಿಸುತ್ತೆ. ಕಂಪನಿ ಮುಳುಗಿದರೆ ಸಾಲ ಕೊಟ್ಟವನ ಗತಿಯೂ ಕಷ್ಟ. ಆದ್ದರಿಂದ ಯಾರ ಸಾಲ ಎಷ್ಟಿದೆ, ಆಸ್ತಿ ಎಷ್ಟಿದೆ ಎಂಬ ಮಾಹಿತಿಗೆ ಬೆಲೆ ಇತ್ತು.

1890ರಲ್ಲಿ ಮೂಡಿ ವಾಲ್ ಸ್ಟ್ರೀಟಿನ ಸ್ಪೆನ್ಸರ್ ಟ್ರಾಸ್ಕ್ ಎಂಬ ಬ್ಯಾಂಕಿಂಗ್ ಸಂಸ್ಥೆಯಲ್ಲಿ ತೀರಾ ಕೆಳಗಿನ ಕೆಲಸಕ್ಕೆ ಸೇರಿದ. ಸುಮಾರು ಹತ್ತು ವರ್ಷ ಅಲ್ಲೇ ಇದ್ದು ಅಂಕಿಅಂಶದ ಕೆಲಸದ ತನಕ ಬೆಳೆದ. ಆತನಿಗೆ ಅಲ್ಲಿ ಒಂದು ಸಂಗತಿ ಗೊತ್ತಾಯಿತು. ಕಂಪನಿಗಳ ಒಳಗಿನ ಲೆಕ್ಕ ಬ್ಯಾಂಕರುಗಳಿಗೆ ಗೊತ್ತು. ಬಾಂಡ್ ಕೊಳ್ಳುವ ಜನರಿಗೆ ಗೊತ್ತಿಲ್ಲ. ರೈಲ್ವೆಗಳಿಗಾದರೂ ಪೂರ್ ಕೈಪಿಡಿ ಇತ್ತು. ಉಕ್ಕು, ಸಕ್ಕರೆ, ತಂಬಾಕು ಕಂಪನಿಗಳ ವಿವರ ಒಂದೇ ಕಡೆ ಸಿಗುತ್ತಿರಲಿಲ್ಲ.

1900ರಲ್ಲಿ ಆತ ಸ್ವಂತ ಕಂಪನಿ ಕಟ್ಟಿ, ಕೈಗಾರಿಕಾ ಕಂಪನಿಗಳ ಷೇರು ಮತ್ತು ಬಾಂಡ್‌ಗಳ ದಪ್ಪ ಕೈಪಿಡಿ ಅಚ್ಚು ಹಾಕಿಸಿದ. ಎರಡೇ ತಿಂಗಳಲ್ಲಿ ಪ್ರತಿಗಳು ಖಾಲಿಯಾದವು. ಆಗ ಮಾಹಿತಿ ಬೇಕಾದವನು ದುಡ್ಡು ಕೊಟ್ಟು ಪುಸ್ತಕ ಕೊಳ್ಳುತ್ತಿದ್ದ. ಮೂಡಿಗೆ ಅನ್ನ ಹಾಕುತ್ತಿದ್ದವನು ಓದುಗ. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಯಾರ ಕೈಯಲ್ಲಿ ಎಷ್ಟು?

ಮೂಡಿಯ ಇನ್ನೊಂದು ಕೆಲಸ ನಮ್ಮಂಥ ರಾಜಕೀಯ ಆಸಕ್ತರಿಗೆ ಹೆಚ್ಚು ಮುಖ್ಯ. ಆಗ ಅಮೆರಿಕದಲ್ಲಿ ಸಣ್ಣಪುಟ್ಟ ಕಂಪನಿಗಳನ್ನು ನುಂಗಿ ಬೆಳೆದ ದೈತ್ಯ ಕಂಪನಿಕೂಟಗಳನ್ನು ಟ್ರಸ್ಟ್ ಅಂತ ಕರೆಯುತ್ತಿದ್ದರು. 1904ರಲ್ಲಿ ಮೂಡಿ ಈ ಟ್ರಸ್ಟುಗಳ ಕುರಿತೇ ಒಂದು ಪುಸ್ತಕ ಬರೆದ. 318 ಕೈಗಾರಿಕಾ ಟ್ರಸ್ಟುಗಳನ್ನು ಎಣಿಸಿ, ಅವುಗಳ ಬಂಡವಾಳ 700 ಕೋಟಿ ಡಾಲರ್ ಮೀರಿದೆ ಅಂತ ಲೆಕ್ಕ ಕೊಟ್ಟ. ಎಳೆ ಹಿಡಿದು ಹೋದರೆ ಬಹುಪಾಲು ಮುಟ್ಟುವುದು ಎರಡೇ ಮನೆಗಳನ್ನು, ರಾಕ್‌ಫೆಲ್ಲರ್ ಮತ್ತು ಮಾರ್ಗನ್ ಬಣಗಳನ್ನು ಎಂದು ತೋರಿಸಿದ.

ಹಂಗಂತ ಆತ ಟ್ರಸ್ಟುಗಳ ವಿರೋಧಿ ಆಗಿರಲಿಲ್ಲ. ಅವು ಸಹಜವಾಗಿ ಬೆಳೆದವು, ಒಡೆದು ಪ್ರಯೋಜನವಿಲ್ಲ ಅನ್ನೋದು ಆತನ ನಿಲುವು. ಆದರೆ ಲೆಕ್ಕವನ್ನು ಬಚ್ಚಿಡಲಿಲ್ಲ. 1911ರಲ್ಲಿ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಬಂಡವಾಳದ ಒಡೆಯರ ಬಗ್ಗೆ ಲೇಖನಮಾಲೆಯನ್ನೂ ಜೊತೆಗೂಡಿ ಬರೆದ. ಅದರ ಬೆನ್ನಿಗೇ, 1912–13ರಲ್ಲಿ ಅಮೆರಿಕದ ಸಂಸತ್ತಿನ ಪೂಜೋ ಸಮಿತಿ ತನಿಖೆಗೆ ಇಳಿಯಿತು. ಮಾರ್ಗನ್ ಮತ್ತು ಜೊತೆಗಾರ ಬ್ಯಾಂಕುಗಳ ಮಂದಿ 112 ಕಂಪನಿಗಳಲ್ಲಿ 341 ನಿರ್ದೇಶಕ ಸ್ಥಾನ ಹಿಡಿದಿದ್ದಾರೆ ಎಂಬ ಲೆಕ್ಕ ಹೊರಬಂದದ್ದು ಅಲ್ಲಿಂದ. ಒಡೆತನದ ಪಟ್ಟಿ ರಾಜಕೀಯದ ಅಸ್ತ್ರವಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ದಿವಾಳಿ, ಆಮೇಲೆ ಏಣಿ

ನಡುವೆ 1907ರಲ್ಲಿ ಅಮೆರಿಕದ ಹಣಕಾಸು ಮಾರುಕಟ್ಟೆ ಕುಸಿಯಿತು. ಮೂಡಿಯ ಕಂಪನಿ ನೆಲ ಕಚ್ಚಿತು, ಕೈಪಿಡಿಯ ವ್ಯವಹಾರ ಬೇರೆಯವರ ಪಾಲಾಯಿತು. 1909ರಲ್ಲಿ ಆತ ಹೊಸ ಯೋಚನೆಯೊಂದಿಗೆ ಮರಳಿ ಬಂದ. ಬರೀ ಅಂಕಿ ಕೊಟ್ಟರೆ ಸಾಲದು, ಅಂಕಿಯ ಅರ್ಥವನ್ನೂ ಹೇಳಬೇಕು ಅನ್ನೋದು ಆ ಯೋಚನೆ. ವ್ಯಾಪಾರಿಗಳ ಸಾಲದ ಯೋಗ್ಯತೆ ಅಳೆಯುವ ಏಜೆನ್ಸಿಗಳು ಆಗಲೇ ಅಕ್ಷರ ಚಿಹ್ನೆಗಳನ್ನು ಬಳಸುತ್ತಿದ್ದವು. ಮೂಡಿ ಅದನ್ನೇ ರೈಲ್ವೆ ಬಾಂಡ್‌ಗಳಿಗೆ ತಂದ. ಮೇಲಿನ ಮೆಟ್ಟಿಲು ಟ್ರಿಪಲ್ ಎ; ಕೆಳಗಿಳಿದಂತೆ ಅಪಾಯ ಹೆಚ್ಚು, ಹಾಗಾಗಿ ಬಡ್ಡಿಯೂ ಹೆಚ್ಚು.

ಏಣಿ ಜನಕ್ಕೆ ಹಿಡಿಸಿತು. 1914ರಲ್ಲಿ ಮೂಡೀಸ್ ಇನ್ವೆಸ್ಟರ್ಸ್ ಸರ್ವಿಸ್ ನೋಂದಣಿಯಾಯಿತು. 1924ರ ಹೊತ್ತಿಗೆ ಅಮೆರಿಕದ ಹೆಚ್ಚೂಕಡಿಮೆ ಎಲ್ಲ ಬಾಂಡ್‌ಗಳಿಗೂ ಅದರ ಅಕ್ಷರ ಅಂಟಿತ್ತು.

ಆಮೇಲೆ ಬಂತು ಮಹಾ ಆರ್ಥಿಕ ಕುಸಿತ. ಬ್ಯಾಂಕುಗಳ ಬಳಿ ಇದ್ದ ಬಾಂಡ್‌ಗಳ ಬೆಲೆ ಬಿದ್ದುಹೋಯಿತು. 1931ರಲ್ಲಿ ಬ್ಯಾಂಕ್ ನಿಯಂತ್ರಕರು ಮೇಲಿನ ನಾಲ್ಕು ಮೆಟ್ಟಿಲುಗಳ ಬಾಂಡ್‌ಗಳನ್ನು ಕೊಂಡ ಬೆಲೆಗೇ ಲೆಕ್ಕದಲ್ಲಿ ತೋರಿಸಲು ಬಿಟ್ಟರು. ಕೆಳಗಿನವಕ್ಕೆ ಮಾರುಕಟ್ಟೆ ಬೆಲೆ. 1936ರಲ್ಲಿ ಇನ್ನೂ ಮುಂದೆ ಹೋಗಿ, ರೇಟಿಂಗ್ ಕೈಪಿಡಿಗಳು ಜೂಜಿನ ದರ್ಜೆ ಅಂತ ಗುರುತಿಸಿದ ಬಾಂಡ್‌ಗಳನ್ನು ಬ್ಯಾಂಕುಗಳು ಕೊಳ್ಳುವಂತಿಲ್ಲ ಎಂದು ನಿಯಮ ಮಾಡಿದರು.

ಕಥೆ ತಿರುಗಿದ್ದು ಇಲ್ಲೇ. ಓದುಗನಿಗೆ ಸಲಹೆಯಾಗಿ ಹುಟ್ಟಿದ ಏಣಿಯ ಮಧ್ಯೆ ಸರ್ಕಾರ ಒಂದು ಗೆರೆ ಎಳೆಯಿತು. ಗೆರೆಯ ಮೇಲಿರುವುದು ಹೂಡಿಕೆ ದರ್ಜೆ, ಕೆಳಗಿರುವುದು ಹೈ ಯೀಲ್ಡ್ ಅಥವಾ ಜಂಕ್. ಖಾಸಗಿ ವ್ಯಕ್ತಿಯೊಬ್ಬನ ಅಭಿಪ್ರಾಯಕ್ಕೆ ಕಾನೂನಿನ ಬಲ ಬಂತು. ಒಂದು ಬಾಂಡ್ ಗೆರೆಯಿಂದ ಕೆಳಗೆ ಜಾರಿದರೆ ಬ್ಯಾಂಕು, ವಿಮೆ, ಪಿಂಚಣಿ ನಿಧಿಗಳಲ್ಲಿ ಹಲವು ಒಟ್ಟಿಗೇ ಅದನ್ನು ಮಾರೋಕೆ ಓಡಬೇಕು. ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಬೆಲೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಮೂಡಿ ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದ. 1931ರಲ್ಲಿ ಕ್ಯಾಥೋಲಿಕ್ ಪಂಥಕ್ಕೆ ಸೇರಿದ. 1933ರಲ್ಲಿ ಆ ಪಯಣದ ಆತ್ಮಕಥೆ ಬರೆದ. 1945ರಲ್ಲಿ ಕಾರ್ಡಿನಲ್ ನ್ಯೂಮನ್ ಅವರ ಜೀವನಚರಿತ್ರೆಯನ್ನೂ ಪ್ರಕಟಿಸಿದ. 1958ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ತೀರಿಕೊಂಡಾಗ ಆತನಿಗೆ 89 ವರ್ಷ.

ಹೆಸರು ಉಳಿಯಿತು, ಯಜಮಾನ ಬದಲಾದ

ಮೂಡಿ ಸತ್ತ ವರ್ಷವೇ ಬ್ರಾಡಕ್ ಹಿಕ್‌ಮನ್ ಎಂಬ ಅರ್ಥಶಾಸ್ತ್ರಜ್ಞರ ದೊಡ್ಡ ಅಧ್ಯಯನ ಹೊರಬಂತು. 1900ರಿಂದ 1943ರವರೆಗಿನ ಬಾಂಡ್‌ಗಳ ಲೆಕ್ಕ ಹಾಕಿ ನೋಡಿದಾಗ, ಕೆಳದರ್ಜೆಯ ಬಾಂಡ್‌ಗಳಲ್ಲಿ ಹೆಚ್ಚು ಮುಳುಗಿದರೂ ಒಟ್ಟಾರೆ ಗಳಿಕೆ ಮೇಲ್ದರ್ಜೆಯವಕ್ಕಿಂತ ಹೆಚ್ಚಿತ್ತು. ಇದನ್ನು ಓದಿದ ಮೈಕಲ್ ಮಿಲ್ಕನ್ 1970ರ ದಶಕದಲ್ಲಿ ಜಂಕ್ ಬಾಂಡ್‌ಗಳ ದೊಡ್ಡ ಮಾರುಕಟ್ಟೆಯನ್ನೇ ಕಟ್ಟಿದರು. ಅವುಗಳನ್ನು ಕೊಂಡವರಲ್ಲಿ ಜನಸಾಮಾನ್ಯರ ಉಳಿತಾಯ ಇಟ್ಟುಕೊಂಡಿದ್ದ ಗೃಹಸಾಲ ಸಂಸ್ಥೆಗಳೂ ಇದ್ದವು. 1989ರಲ್ಲಿ ಹೊಸ ಕಾನೂನು ಬಂದು, ಅವೆಲ್ಲ ತಮ್ಮ ಜಂಕ್ ಬಾಂಡ್‌ಗಳನ್ನು ಮಾರಿ ಹೊರಬರಬೇಕೆಂದಿತು. ಮಾರುಕಟ್ಟೆ ಕುಸಿಯಿತು, 1990ರ ಫೆಬ್ರುವರಿಯಲ್ಲಿ ಮಿಲ್ಕನ್ ಅವರ ಡ್ರೆಕ್ಸೆಲ್ ಸಂಸ್ಥೆ ದಿವಾಳಿಯಾಯಿತು.

ಇತ್ತ ಮೂಡೀಸ್ 1962ರಲ್ಲಿ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಕಂಪನಿಯ ಪಾಲಾಯಿತು. 1970ರ ದಶಕದ ಆರಂಭದಲ್ಲಿ ಅದರ ವ್ಯಾಪಾರದ ರೀತಿಯೇ ತಿರುಗಿತು. ಓದುಗನ ಬದಲು ಸಾಲ ಎತ್ತುವ ಕಂಪನಿಯೇ ರೇಟಿಂಗ್‌ಗೆ ದುಡ್ಡು ಕೊಡತೊಡಗಿತು. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕನಿಗೆ ಸಂಬಳ ಕೊಟ್ಟ ಹಾಗೆ. 2008ರ ಬಿಕ್ಕಟ್ಟಿನಲ್ಲಿ ಟ್ರಿಪಲ್ ಎ ಹೊತ್ತ ಗೃಹಸಾಲದ ಪತ್ರಗಳು ಮುಳುಗಿದವು. 2017ರ ಜನವರಿಯಲ್ಲಿ ಮೂಡೀಸ್ ಸುಮಾರು 86.4 ಕೋಟಿ ಡಾಲರ್ ಕೊಟ್ಟು ಅಮೆರಿಕ ಸರ್ಕಾರ ಮತ್ತು ರಾಜ್ಯಗಳ ಜೊತೆ ಇತ್ಯರ್ಥ ಮಾಡಿಕೊಂಡಿತು. ಭಾರತಕ್ಕೆ ದರ್ಜೆ ಏರಿಸಿದ್ದೂ ಅದೇ ವರ್ಷ!

ಒಡೆತನ ಎಣಿಸುವ ಮೂಡಿಯ ಹಳೆಯ ಕೆಲಸವನ್ನು ಈಗ ಕಾನೂನು ಮಾಡಿಸುತ್ತಿದೆ. ಅಮೆರಿಕದ 1975ರ ಕಾನೂನಿನ ಪ್ರಕಾರ 10 ಕೋಟಿ ಡಾಲರ್‌ಗಿಂತ ಹೆಚ್ಚು ಷೇರು ನಿರ್ವಹಿಸುವ ಸಂಸ್ಥೆಗಳು, ಮೂರು ತಿಂಗಳಿಗೊಮ್ಮೆ ತಮ್ಮ ಬಳಿ ಏನೇನಿದೆ ಎಂದು ಹೇಳಬೇಕು. ಇದಕ್ಕೆ 13ಎಫ್ ಅಂತಾರೆ. ಜಂಕ್ ಬಾಂಡ್ ಫಂಡ್‌ಗಳಲ್ಲಿ ಕೆಲವು ಇಟಿಎಫ್ ರೂಪದಲ್ಲಿ ಷೇರಿನಂತೆ ಮಾರಾಟವಾಗುವುದರಿಂದ, ಯಾವ ದೊಡ್ಡ ಸಂಸ್ಥೆ ಒಳಗಿದೆ, ಯಾವುದು ಜಾಗ ಖಾಲಿ ಮಾಡಿತು ಅಂತ ಇದರಲ್ಲಿ ನೋಡಬಹುದು. ಇದಕ್ಕೂ ಮಿತಿಗಳಿವೆ. ತ್ರೈಮಾಸಿಕ ಮುಗಿದ ಮೇಲೆ ವರದಿ ಕೊಡೋಕೆ 45 ದಿನ ಸಮಯವಿದೆ, ಅಷ್ಟರಲ್ಲಿ ಹಕ್ಕಿ ಹಾರಿಹೋಗಿರಬಹುದು. ಬೆಲೆ ಬೀಳುತ್ತೆ ಅಂತ ಕಟ್ಟಿದ ಶಾರ್ಟ್ ಬಾಜಿ ಅದರಲ್ಲಿ ಕಾಣೋದಿಲ್ಲ. ಆದರೂ ಸತತ ನಾಲ್ಕು ವರದಿ ಪಕ್ಕಪಕ್ಕ ಇಟ್ಟರೆ ಗಾಳಿ ಎತ್ತ ಬೀಸುತ್ತಿದೆ ಎಂದು ಗೊತ್ತಾಗುತ್ತೆ.

ಬೆಂಗಳೂರಿನ ಹೈಕೋರ್ಟಿನ ತನಕ

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತೀರಾ? ಭಾರತದ ರೇಟಿಂಗ್ ಸಂಸ್ಥೆ ಇಕ್ರಾದ ಅರ್ಧಕ್ಕಿಂತ ಹೆಚ್ಚು ಷೇರು 2014ರಿಂದ ಮೂಡೀಸ್ ಬಳಗದ ಕೈಯಲ್ಲಿದೆ. 2018ರಲ್ಲಿ ಸುಮಾರು 91,000 ಕೋಟಿ ರೂಪಾಯಿ ಸಾಲ ಹೊತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಕುಸಿಯಿತು. ಅದಕ್ಕೆ ಇಕ್ರಾ ಸೇರಿದಂತೆ ರೇಟಿಂಗ್ ಸಂಸ್ಥೆಗಳು ಕೊಟ್ಟಿದ್ದದ್ದು ಟ್ರಿಪಲ್ ಎ. ಕೆಲವೇ ವಾರಗಳಲ್ಲಿ ಅದು ಡಿ, ಅಂದ್ರೆ ಸಾಲ ಕಟ್ಟಲಾಗದ ದರ್ಜೆಗೆ ಬಿತ್ತು. ಆ ಬಾಂಡ್‌ಗಳಲ್ಲಿ ನೌಕರರ ಭವಿಷ್ಯನಿಧಿಯ ದುಡ್ಡೂ ಇತ್ತು.

2020ರ ಏಪ್ರಿಲ್ 23ರಂದು, ಲಾಕ್‌ಡೌನ್ ನಡುವೆ, ಫ್ರಾಂಕ್ಲಿನ್ ಟೆಂಪಲ್ಟನ್ ಭಾರತದಲ್ಲಿ ಆರು ಸಾಲಪತ್ರ ಫಂಡ್‌ಗಳನ್ನು ಮುಚ್ಚಿತು. ಹೆಚ್ಚು ಬಡ್ಡಿಯ ಆಸೆಗೆ ಕೆಳದರ್ಜೆಯ ಬಾಂಡ್ ಹಿಡಿದಿದ್ದ ಫಂಡ್‌ಗಳಿವು. ಸುಮಾರು 25,000 ಕೋಟಿ ರೂಪಾಯಿ ಸಿಕ್ಕಿಹಾಕಿಕೊಂಡಿತು. ಹೂಡಿಕೆದಾರರು ಕೋರ್ಟಿಗೆ ಹೋದರು. ವಿಚಾರಣೆ ನಡೆದದ್ದು ಕರ್ನಾಟಕ ಹೈಕೋರ್ಟಿನಲ್ಲಿ. ಯುನಿಟ್ ಹೊಂದಿರುವವರ ಒಪ್ಪಿಗೆ ಇಲ್ಲದೆ ಫಂಡ್ ಮುಚ್ಚುವಂತಿಲ್ಲ ಅಂತ ಅದು 2020ರ ಅಕ್ಟೋಬರ್ 24ರಂದು ತೀರ್ಪು ಕೊಟ್ಟಿತು. 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಬೇಕೆಂಬ ಮಾತನ್ನು ಎತ್ತಿಹಿಡಿಯಿತು. ಮುಂದಿನ ವರ್ಷಗಳಲ್ಲಿ ದುಡ್ಡು ಕಂತು ಕಂತಾಗಿ ವಾಪಸು ಬಂತು. ಒಟ್ಟಾರೆ ನೋಡಿದರೆ ಮುಚ್ಚಿದ ದಿನದ ಮೌಲ್ಯಕ್ಕಿಂತ ಹೆಚ್ಚೇ ಬಂತು. ಆದರೆ ಆಸ್ಪತ್ರೆ ಬಿಲ್ಲು, ಬಾಡಿಗೆ ಕಟ್ಟಬೇಕಿದ್ದ ಆ ಲಾಕ್‌ಡೌನ್ ದಿನಗಳಲ್ಲಿ ಅದು ಕೈಗೆ ಸಿಗಲಿಲ್ಲ.

ಅದೇ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಬಾಂಡ್ ಇಟಿಎಫ್‌ಗಳನ್ನು ಕೊಳ್ಳತೊಡಗಿತ್ತು. ಜಂಕ್ ಬಾಂಡ್ ಫಂಡ್‌ಗಳೂ ಅದರಲ್ಲಿದ್ದವು. ಮಾಲೀಕ ಯಾರು ಅನ್ನೋದರ ಮೇಲೆ ಫಂಡಿನ ಹಣೆಬರಹ ನಿಂತಿರುತ್ತೆ ಅನ್ನೋದಕ್ಕೆ ಈ ಎರಡು ತಿಂಗಳು ಸಾಕ್ಷಿ. ಬೆನ್ನಿಗೆ ದೊಡ್ಡವರು ನಿಂತರೆ ಫಂಡ್ ಉಸಿರಾಡುತ್ತೆ. ದೊಡ್ಡವರು ಎದ್ದು ಹೋದರೆ ಮಾರಲಾಗದ ಬಾಂಡ್‌ಗಳ ಜೊತೆ ಉಳಿಯುವವರು ಸಣ್ಣವರು.

ಹಾಗಾಗಿ ಅಕ್ಷರದ ಜೊತೆ ಒಡೆತನವನ್ನೂ ಓದಿ ಅಂತೀನಿ. ಸೆಬಿ ನಿಯಮದಂತೆ ಒಂದು ಯೋಜನೆಯಲ್ಲಿ ಕನಿಷ್ಠ 20 ಹೂಡಿಕೆದಾರರಿರಬೇಕು, ಒಬ್ಬರದ್ದೇ ಪಾಲು 25% ಮೀರಬಾರದು. ನಾಲ್ಕೈದು ಕಂಪನಿಗಳೇ ಫಂಡಿನ ಬಹುಪಾಲು ಹಿಡಿದಿರಲು ಈ ನಿಯಮ ಅಡ್ಡಿಯಲ್ಲ. ಚಿಲ್ಲರೆ ಹೂಡಿಕೆದಾರರ ಪಾಲೆಷ್ಟು, ಕಂಪನಿಗಳದ್ದೆಷ್ಟು, ಬ್ಯಾಂಕುಗಳದ್ದೆಷ್ಟು ಎಂದು ಫಂಡ್ ಸಂಸ್ಥೆಗಳು ಪ್ರತಿ ತಿಂಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಕಂಪನಿಗಳ ಪಾಲು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ನಿಮ್ಮಂಥವರ ಪಾಲು ಏರುತ್ತಿದ್ದರೆ, ಯಾಕೆ ಅಂತ ಕೇಳಿ.

ಈ ಪಟ್ಟಿಗಳು ಎಲ್ಲೋ ಮೂಲೆಯ ಎಕ್ಸೆಲ್ ಹಾಳೆಗಳಲ್ಲಿ, ಇಂಗ್ಲಿಷಿನಲ್ಲಿರುತ್ತವೆ. ಮಂಡ್ಯದ ಮೇಷ್ಟ್ರು, ರಾಯಚೂರಿನ ನರ್ಸು ಅದೇ ಫಂಡಿಗೆ ತಿಂಗಳಿಗೆ ಎರಡು ಸಾವಿರ ಕಟ್ಟುತ್ತಿರುತ್ತಾರೆ. 1900ರಲ್ಲಿ ಬ್ಯಾಂಕರುಗಳಿಗೆ ಮಾತ್ರ ಗೊತ್ತಿದ್ದ ಲೆಕ್ಕವನ್ನು ಮೂಡಿ ಪುಸ್ತಕ ಮಾಡಿ ಬೀದಿಗೆ ತಂದ. ಯಾರ ಪಾಲು ಎಷ್ಟು ಎಂಬ ಒಂದು ಪುಟವನ್ನು, ಫಂಡ್ ಮಾರುವ ಭಾಷೆಯಲ್ಲೇ ಕೊಡಿ ಅಂತ ಸೆಬಿಯನ್ನು ಕೇಳುವುದು ಅದಕ್ಕಿಂತ ದೊಡ್ಡ ಕೆಲಸವೇನಲ್ಲ. ಕನ್ನಡದಲ್ಲಿ ಜಾಹೀರಾತು ಕೊಡೋಕೆ ಬರುವವರಿಗೆ, ಕನ್ನಡದಲ್ಲಿ ಲೆಕ್ಕ ಕೊಡೋಕೂ ಬರಬೇಕು.