ನಾನ್ಸೆನ್: ಹಿಮ ದಾಟಿದವನು, ಗಡಿ ದಾಟಿಸಿದವನು

2019ರ ಆಗಸ್ಟ್ 31ರಂದು ಅಸ್ಸಾಂನ ಎನ್‌ಆರ್‌ಸಿ ಅಂತಿಮ ಪಟ್ಟಿ ಬಂತು. 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು, ಬೀದಿಗಳು ತುಂಬಿದವು. ಆಗ ನಮ್ಮನ್ನೆಲ್ಲ ಕಾಡಿದ ಪ್ರಶ್ನೆ ಸರಳವಾಗಿತ್ತು: ಕಾಗದ ಇಲ್ಲದ ಮನುಷ್ಯ ಯಾರಿಗೆ ಸೇರಿದವನು?

ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಒಬ್ಬ ಉತ್ತರ ಹುಡುಕೋಕೆ ಹೊರಟಿದ್ದ. ಅವನು ವಕೀಲನಲ್ಲ, ಕಸುಬಿನ ರಾಜಕಾರಣಿಯೂ ಅಲ್ಲ. ಪ್ರಾಣಿಶಾಸ್ತ್ರ ಓದಿ, ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟ ಅಲೆಯುತ್ತಿದ್ದ ನಾರ್ವೆಯವನು. ಹೆಸರು ಫ್ರಿಟ್ಯೋಫ್ ನಾನ್ಸೆನ್. ಇವನ ಬಗ್ಗೆ ಕನ್ನಡದಲ್ಲಿ ನಾವು ಹೆಚ್ಚು ಮಾತಾಡಿಲ್ಲ. ಮಾತಾಡಬೇಕಾದ ಕಾಲ ಇದು ಅಂತ ನನಗನ್ನಿಸುತ್ತೆ.

1861ರ ಅಕ್ಟೋಬರ್ 10ರಂದು ಇವತ್ತಿನ ಓಸ್ಲೋ ಪಕ್ಕದಲ್ಲಿ ಹುಟ್ಟಿದ. ಆಗ ಆ ಊರಿನ ಹೆಸರು ಕ್ರಿಸ್ಟಿಯಾನಿಯಾ, ನಾರ್ವೆ ಆಗಿನ್ನೂ ಸ್ವೀಡನ್ ರಾಜನ ಕೆಳಗಿತ್ತು. ಇಪ್ಪತ್ತೊಂದು ತುಂಬುವ ಹೊತ್ತಿಗೆ ಬರ್ಗನ್‌ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಸಮುದ್ರಜೀವಿಗಳ ನರತಂತುಗಳನ್ನ ನೋಡೋದು ಅವನ ಸಂಶೋಧನೆ. ವಾರಪೂರ್ತಿ ಕಣ್ಣು ಗಾಜಿಗೆ ಅಂಟಿಸಿ ಕೂರುತ್ತಿದ್ದ ಹುಡುಗ 1884ರ ಚಳಿಗಾಲದಲ್ಲಿ ಸ್ಕೀ ಸ್ಪರ್ಧೆಯೊಂದರಲ್ಲಿ ಭಾಗವಹಿಸೋಕೆ ಅಂತ ಪಶ್ಚಿಮ ಕರಾವಳಿಯಿಂದ ರಾಜಧಾನಿ ಕಡೆಗೆ ನಡುವಿನ ಬೆಟ್ಟಸಾಲನ್ನ ಸ್ಕೀ ಮೇಲೇ ದಾಟಿದ. ವಾಪಸ್ ಬಂದದ್ದೂ ಹಾಗೇ.

ಇಲ್ಲಿ ಸ್ವಲ್ಪ ನಿಂತು ಸ್ಕೀ ಅಂದ್ರೆ ಏನು ಅಂತ ನೋಡೋಣ. ನಮ್ಮಲ್ಲಿ ಬಹುತೇಕರಿಗೆ ಹಿಮ ಅಂದ್ರೆ ಮನಾಲಿಯಲ್ಲಿ ಬಾಡಿಗೆ ಬೂಟು ಹಾಕಿ ತೆಗೆಸಿಕೊಂಡ ಫೋಟೋ. ನನ್ನದೂ ಅಷ್ಟೇ ಅನುಭವ. ಆದರೆ ಯುರೋಪಿನ ಎತ್ತರದ ಬೆಟ್ಟಗಳಲ್ಲಿ ಪ್ರತಿ ವಸಂತದಲ್ಲೂ, ಅಂದ್ರೆ ಮಾರ್ಚ್‌ನಿಂದ ಮೇ ತನಕ, ಇನ್ನೊಂದು ಬಗೆಯ ಓಡಾಟ ನಡೆಯುತ್ತೆ. ಮೇಲಕ್ಕೆ ಎಳೆದೊಯ್ಯುವ ಕೇಬಲ್ ಇಲ್ಲ, ಹದ ಮಾಡಿದ ಇಳಿಜಾರಿಲ್ಲ. ಸ್ಕೀ ತಳಕ್ಕೆ ಒಂದು ಪಟ್ಟಿ ಅಂಟಿಸುತ್ತಾರೆ, ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು. ಅದರ ಕೂದಲೆಲ್ಲ ಒಂದೇ ದಿಕ್ಕಿಗೆ ಮಲಗಿರೋದರಿಂದ ಮುಂದಕ್ಕೆ ಜಾರುತ್ತೆ, ಹಿಂದಕ್ಕೆ ಜಾರದೆ ಹಿಡಿದುಕೊಳ್ಳುತ್ತೆ. ಬೂಟಿನ ಹಿಮ್ಮಡಿ ಸ್ಕೀಗೆ ಅಂಟಿರೋದಿಲ್ಲ, ಹಾಗಾಗಿ ಹೆಜ್ಜೆ ಹಾಕುತ್ತಾ ಬೆಟ್ಟ ಹತ್ತಬಹುದು. ತುದಿಯಲ್ಲಿ ಪಟ್ಟಿ ಕಿತ್ತು ಇಳಿಯೋದು. ಎಂಜಿನಿಯರಿಂಗ್ ಓದಿದ ನನ್ನಂಥವನಿಗೆ ಇದು ಘರ್ಷಣೆಯ ಮೇಲೆ ಬರೆದ ಅತ್ಯಂತ ಸುಂದರ ಪಾಠ.

ವಸಂತವೇ ಯಾಕೆ? ಚಳಿಗಾಲದ ಹಿಮ ಅಷ್ಟೊತ್ತಿಗೆ ಕೂತು ಗಟ್ಟಿಯಾಗಿರುತ್ತೆ, ಹಗಲು ಉದ್ದ ಇರುತ್ತೆ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಬೆಳಗಿನ ಜಾವದಲ್ಲಿ ನೆಲದಷ್ಟೇ ಗಟ್ಟಿ. ಬಿಸಿಲೇರಿದಂತೆ ಅದೇ ಪದರ ಅಂಬಲಿಯಾಗುತ್ತೆ, ಒದ್ದೆ ಹಿಮ ಕುಸಿದು ಮನುಷ್ಯರನ್ನ ನುಂಗುತ್ತೆ. ಹಾಗಾಗಿ ಕತ್ತಲಲ್ಲೇ ಹೊರಟು ಮಧ್ಯಾಹ್ನದೊಳಗೆ ಕೆಳಗಿರಬೇಕು. ಹೊತ್ತು ನೋಡಿ ಹೆಜ್ಜೆ ಇಡೋದೇ ಈ ವಿದ್ಯೆಯ ಅರ್ಧ ಭಾಗ.

ಆಲ್ಪ್ಸ್ ಬೆಟ್ಟಗಳಿಗೆ ಈ ಹುಚ್ಚು ಹತ್ತಿಸಿದ್ದರಲ್ಲಿ ದೊಡ್ಡ ಪಾಲು ನಾನ್ಸೆನ್‌ನದು, ಅದೂ ಅಲ್ಲಿಗೆ ಹೋಗಿ ಅಲ್ಲ, ಒಂದು ಪುಸ್ತಕ ಬರೆದು. ಆ ಪುಸ್ತಕದ ಹಿಂದಿನ ಕಥೆ ಗ್ರೀನ್‌ಲ್ಯಾಂಡ್‌ನದು.

1888ರ ತನಕ ಗ್ರೀನ್‌ಲ್ಯಾಂಡ್‌ನ ಒಳನಾಡಿನ ಹಿಮವನ್ನ ಯಾರೂ ಒಂದು ಕರಾವಳಿಯಿಂದ ಇನ್ನೊಂದಕ್ಕೆ ದಾಟಿದ್ದು ದಾಖಲಾಗಿರಲಿಲ್ಲ. ಪ್ರಯತ್ನಪಟ್ಟವರೆಲ್ಲ ಜನವಸತಿ ಇರುವ ಪಶ್ಚಿಮದಿಂದ ಹೊರಟು, ಕಷ್ಟ ಆದಾಗ ಹಿಂದಿರುಗಿದ್ದರು. ನಾನ್ಸೆನ್ ಲೆಕ್ಕವನ್ನ ತಿರುಗಿಸಿದ. ಜನರೇ ಇಲ್ಲದಂತಿದ್ದ ಪೂರ್ವ ಕರಾವಳಿಯಲ್ಲಿ ಇಳಿದುಬಿಟ್ಟರೆ, ಹಿಂದೆ ಉಳಿಯೋದು ಮಂಜುಗಡ್ಡೆಯ ಸಮುದ್ರ, ಮುಂದೆ ಊರು. ಹಿಂದಿರುಗುವ ಆಯ್ಕೆಯೇ ಇರಬಾರದು. ನಾರ್ವೆ ಸರ್ಕಾರ ದುಡ್ಡು ಕೊಡಲಿಲ್ಲ. ಡೆನ್ಮಾರ್ಕ್‌ನ ವ್ಯಾಪಾರಿ ಆಗಸ್ಟಿನ್ ಗಾಮೆಲ್ ಕೊಟ್ಟ. ಹೊರಡುವ ಕೆಲವೇ ದಿನ ಮುಂಚೆ ನಾನ್ಸೆನ್ ನರಕೋಶಗಳ ಮೇಲಿನ ಡಾಕ್ಟರೇಟ್ ಪ್ರಬಂಧ ಸಮರ್ಥಿಸಿಕೊಂಡ.

ತಂಡದಲ್ಲಿ ಆರು ಜನ. ಅವರಲ್ಲಿ ಸಾಮ್ಯುಯೆಲ್ ಬಾಲ್ಟೋ ಮತ್ತು ಓಲೆ ರಾವ್ನಾ ಉತ್ತರದ ಸಾಮಿ ಬುಡಕಟ್ಟಿನವರು. ಸ್ಕೀ ಮೇಲೆ ಬದುಕುವುದು ಸಾಮಿ ಜನರಿಗೆ ತಲೆಮಾರುಗಳ ವಿದ್ಯೆ. ಆ ವಿದ್ಯೆ ಬೇಕಾಗಿತ್ತು, ಆದರೆ ಅವರ ಬಗ್ಗೆ ನಾನ್ಸೆನ್ ಬರೆದ ರೀತಿಯಲ್ಲಿ ಮೇಲಿನವನು ಕೆಳಗಿನವನನ್ನ ನೋಡುವ ಧೋರಣೆ ಇದೆ. ಬಾಲ್ಟೋ ಮುಂದೆ ತನ್ನದೇ ವೃತ್ತಾಂತ ಹೇಳಿದ. ಹೀರೋಗಳ ಕಥೆ ಓದುವಾಗ ಸರಂಜಾಮು ಎಳೆದವರನ್ನೂ ಎಣಿಸಬೇಕು.

ಜುಲೈ 17ರಂದು ಹಡಗು ಬಿಟ್ಟು ದೋಣಿಗಿಳಿದರು. ಮಂಜುಗಡ್ಡೆ ಅವರನ್ನ ಹನ್ನೆರಡು ದಿನ ದಕ್ಷಿಣಕ್ಕೆ ತೇಲಿಸಿಕೊಂಡು ಹೋಯ್ತು. ದಡ ಸಿಕ್ಕ ಮೇಲೆ ಮತ್ತೆ ಉತ್ತರಕ್ಕೆ ಹುಟ್ಟು ಹಾಕಿ, ಆಗಸ್ಟ್ ಮಧ್ಯದಲ್ಲಿ ಏರೋಕೆ ಶುರು ಮಾಡಿದರು. ಅಂಚಿನಲ್ಲಿ ಹಗಲಿನ ಹಿಮ ಮೆತ್ತಗಾಗುತ್ತಿತ್ತು, ಹಾಗಾಗಿ ರಾತ್ರಿ ನಡೆದರು. ವಸಂತದ ಸ್ಕೀ ಯಾತ್ರಿಗಳದ್ದೇ ತತ್ವ. ಏರುತ್ತಾ 2,700 ಮೀಟರ್ ದಾಟಿದರು, ರಾತ್ರಿ ಉಷ್ಣಾಂಶ ಮೈನಸ್ 40ಕ್ಕಿಂತ ಕೆಳಗೆ ಇಳಿಯಿತು. ತಂದಿದ್ದ ಒಣಮಾಂಸದಲ್ಲಿ ಕೊಬ್ಬಿನ ಅಂಶವೇ ಇರಲಿಲ್ಲ, ಹೊಟ್ಟೆ ತುಂಬಿದರೂ ಕೊಬ್ಬಿಗಾಗಿ ದೇಹ ಹಪಹಪಿಸಿತು. ಇಳಿಜಾರು ಬಂದಾಗ ಜಾರುಬಂಡಿಗಳನ್ನ ಜೋಡಿಸಿ ಹಾಯಿ ಕಟ್ಟಿ ಗಾಳಿಯಲ್ಲಿ ಓಡಿದರು. ಸುಮಾರು ಆರು ವಾರಕ್ಕೆ ಪಶ್ಚಿಮದ ಅಂಚು ಸಿಕ್ಕಿತು. ನಾನ್ಸೆನ್ ಮತ್ತು ಓಟೊ ಸ್ವೆರ್ಡ್ರುಪ್ ಟೆಂಟಿನ ಬಟ್ಟೆ ಮತ್ತು ವಿಲೋ ಕೊಂಬೆಗಳಿಂದ ದೋಣಿ ಕಟ್ಟಿ, ಅಕ್ಟೋಬರ್ 3ರಂದು ಗೋಟ್‌ಹೋಬ್ ಊರು ಮುಟ್ಟಿದರು. ಅದೇ ಇವತ್ತಿನ ನೂಕ್. ಆ ವರ್ಷ ಊರಿಗೆ ಮರಳುವ ಹಡಗು ಸಿಗಲಿಲ್ಲ, ಚಳಿಗಾಲವನ್ನ ಅಲ್ಲೇ ಕಳೆದರು.

1890ರಲ್ಲಿ ಆ ಪಯಣದ ಪುಸ್ತಕ ಬಂತು, ಬೇಗನೇ ಜರ್ಮನ್‌ಗೂ ಹೋಯ್ತು. ಆಸ್ಟ್ರಿಯಾದಲ್ಲಿ ಮಥಿಯಾಸ್ ಸ್ಡಾರ್ಸ್ಕಿ ಅದನ್ನ ಓದಿ ಸ್ಕೀ ತರಿಸಿಕೊಂಡು ಕಡಿದಾದ ಇಳಿಜಾರಿಗೆ ಹೊಂದುವ ಹೊಸ ವಿಧಾನ ಕಟ್ಟಿದ. 1897ರಲ್ಲಿ ವಿಲ್ಹೆಲ್ಮ್ ಪೌಲ್ಕೆ ಗೆಳೆಯರ ಜೊತೆ ಸ್ವಿಟ್ಜರ್ಲೆಂಡ್‌ನ ಬರ್ನೀಸ್ ಓಬರ್‌ಲಾಂಡ್‌ ಹಿಮನದಿಗಳನ್ನ ಸ್ಕೀ ಮೇಲೆ ದಾಟಿದ. 1911ರಲ್ಲಿ ಶಮೊನಿಯಿಂದ ಜರ್ಮಾಟ್‌ಗೆ ಹೋಗುವ ಪ್ರಸಿದ್ಧ ಎತ್ತರದ ಹಾದಿಯೂ ಸ್ಕೀಗೆ ಒಲಿಯಿತು. ಇವತ್ತು ಪ್ರತಿ ಏಪ್ರಿಲ್‌ನಲ್ಲಿ ಆ ಹಾದಿ ಹಿಡಿಯುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ನಾನ್ಸೆನ್‌ನ ಓದುಗರ ಮೊಮ್ಮಕ್ಕಳು.

ಆಮೇಲಿನ ಉತ್ತರ ಧ್ರುವದ ಕಥೆಯನ್ನ ಚುಟುಕಾಗಿ ಹೇಳ್ತೀನಿ. ಮಂಜುಗಡ್ಡೆ ಒತ್ತಿದಾಗ ಒಡೆಯದೆ ಮೇಲಕ್ಕೆ ಜಾರುವಂತೆ ತಳ ದುಂಡಗಿರುವ ‘ಫ್ರಾಮ್’ ಹಡಗು ಕಟ್ಟಿಸಿ, 1893ರಲ್ಲಿ ಅದನ್ನ ಬೇಕಂತಲೇ ಮಂಜುಗಡ್ಡೆಗೆ ಸಿಕ್ಕಿಸಿ ತೇಲಲು ಬಿಟ್ಟ. 1895ರಲ್ಲಿ ಯಾಲ್ಮಾರ್ ಯೊಹಾನ್ಸೆನ್ ಜೊತೆ ಸ್ಕೀ ಮತ್ತು ನಾಯಿಬಂಡಿ ಹಿಡಿದು 86 ಡಿಗ್ರಿ ಉತ್ತರ ದಾಟಿದ. ಅಷ್ಟು ದೂರ ಆ ತನಕ ಯಾರೂ ಹೋಗಿರಲಿಲ್ಲ. ಧ್ರುವ ಸಿಗಲ್ಲ ಅಂತ ಲೆಕ್ಕ ಹೇಳಿದಾಗ ಹಠ ಹಿಡಿಯದೆ ತಿರುಗಿದ. ಕಲ್ಲಿನ ಗುಡಿಸಲಲ್ಲಿ ಚಳಿಗಾಲ ಕಳೆದು 1896ರಲ್ಲಿ ಬದುಕಿ ಬಂದ. ನಾರ್ವೆಗೆ ಅವನು ಆಗ ಬರೀ ಸಾಹಸಿಯಾಗಿ ಉಳಿಯಲಿಲ್ಲ, ಸ್ವಂತ ದೇಶ ಬಯಸುತ್ತಿದ್ದ ಜನರ ಮುಖವಾದ. 1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಬೇರೆಯಾಯ್ತು, ಮರುವರ್ಷ ಅವನು ಲಂಡನ್‌ಗೆ ರಾಯಭಾರಿಯಾಗಿ ಹೋದ.

ನನ್ನ ಆಸಕ್ತಿ ಇರೋದು ಅವನ ಅರವತ್ತರ ಆಸುಪಾಸಿನ ವರ್ಷಗಳ ಮೇಲೆ.

1920ರಲ್ಲಿ ಹೊಸದಾಗಿ ಹುಟ್ಟಿದ ರಾಷ್ಟ್ರಸಂಘ, ಅಂದ್ರೆ ಲೀಗ್ ಆಫ್ ನೇಷನ್ಸ್, ಮೊದಲ ಮಹಾಯುದ್ಧದ ಕೈದಿಗಳನ್ನ ಮನೆ ಸೇರಿಸುವ ಕೆಲಸ ಅವನಿಗೆ ಕೊಟ್ಟಿತು. ಸುಮಾರು ಎರಡು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಊರು ಸೇರಿದರು. 1921ರಲ್ಲಿ ರಷ್ಯಾದ ವೋಲ್ಗಾ ಬಯಲಿನಲ್ಲಿ ಭೀಕರ ಬರ. ನಾನ್ಸೆನ್ ಸೋವಿಯತ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಜಿನೀವಾಕ್ಕೆ ಬಂದು ಸರ್ಕಾರಗಳ ಮುಂದೆ ಸಾಲ ಕೇಳಿದ. ಕೊಡಲಿಲ್ಲ. ಬೊಲ್ಷೆವಿಕ್ ಸರ್ಕಾರಕ್ಕೆ ಬಲ ಬರುತ್ತೆ ಅನ್ನೋ ಭಯ. ಹಸಿದವನ ಸರ್ಕಾರ ಯಾವ ಬಣ್ಣದ್ದು ಅಂತ ನೋಡಿ ಅನ್ನ ಬಡಿಸುವ ರಾಜಕಾರಣ ಹೊಸದೇನಲ್ಲ. ಕೊನೆಗೆ ದೊಡ್ಡ ಪಾಲು ಅನ್ನ ಹೋದದ್ದು ಹರ್ಬರ್ಟ್ ಹೂವರ್‌ನ ಅಮೆರಿಕನ್ ಪರಿಹಾರ ಸಂಸ್ಥೆಯಿಂದ. ನಾನ್ಸೆನ್ ದೇಣಿಗೆ ಎತ್ತಿ ಕೈಲಾದಷ್ಟು ಸೇರಿಸಿದ. ಲಕ್ಷಾಂತರ ಜನ ಸತ್ತರು.

ಅದೇ ಹೊತ್ತಿಗೆ ಇನ್ನೊಂದು ಬಿಕ್ಕಟ್ಟು. ಕ್ರಾಂತಿ, ಅಂತರ್ಯುದ್ಧ ಬಿಟ್ಟು ಓಡಿಬಂದಿದ್ದ ರಷ್ಯನ್ನರ ಪೌರತ್ವವನ್ನ ಸೋವಿಯತ್ ಸರ್ಕಾರ 1921ರ ಡಿಸೆಂಬರ್‌ನಲ್ಲಿ ಕಿತ್ತುಹಾಕಿತು. ಒಂದೇ ಆದೇಶಕ್ಕೆ ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಕಾಗದ ಇಲ್ಲದೆ ಗಡಿ ದಾಟುವಂತಿಲ್ಲ, ಕೆಲಸ ಸಿಗೋದು ಕಷ್ಟ. 1922ರ ಜುಲೈನಲ್ಲಿ ನಾನ್ಸೆನ್ ಸರ್ಕಾರಗಳನ್ನ ಕೂರಿಸಿ ಒಂದು ಗುರುತಿನ ಪತ್ರಕ್ಕೆ ಒಪ್ಪಿಸಿದ. ಅದೇ ಮುಂದೆ ‘ನಾನ್ಸೆನ್ ಪಾಸ್‌ಪೋರ್ಟ್’ ಅಂತ ಹೆಸರಾಯ್ತು. ಕಾಲಕ್ರಮದಲ್ಲಿ 50ಕ್ಕೂ ಹೆಚ್ಚು ಸರ್ಕಾರಗಳು ಒಪ್ಪಿದವು. ಸಂಗೀತಗಾರ ಸ್ಟ್ರಾವಿನ್ಸ್ಕಿ, ಕಾದಂಬರಿಕಾರ ನಬೊಕೊವ್, ಚಿತ್ರಕಾರ ಶಗಾಲ್ ಇದನ್ನ ಹಿಡಿದು ಓಡಾಡಿದವರು. ಹೆಸರಿಲ್ಲದ ಚಾಲಕರು, ಹೊಲಿಗೆಯವರು, ಗಣಿ ಕಾರ್ಮಿಕರು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು. 1924ರಲ್ಲಿ ನರಮೇಧದಿಂದ ಉಳಿದ ಅರ್ಮೇನಿಯನ್ನರಿಗೂ ಸಿಕ್ಕಿತು.

ಈ ಕಾಗದ ಪೌರತ್ವ ಕೊಡುತ್ತಿರಲಿಲ್ಲ. ಶುರುವಿನಲ್ಲಿ, ಕೊಟ್ಟ ದೇಶಕ್ಕೇ ವಾಪಸ್ ಬರುವ ಹಕ್ಕನ್ನೂ ಕೊಡುತ್ತಿರಲಿಲ್ಲ. ಆದರೂ ಅದು ಒಂದು ಮಾತು ಸಾಬೀತು ಮಾಡಿತು: ದೇಶ ಕೈಬಿಟ್ಟ ಮನುಷ್ಯನೂ ಕಾನೂನಿನ ಕಣ್ಣಿಗೆ ಮನುಷ್ಯನೇ. 1922ರ ನೊಬೆಲ್ ಶಾಂತಿ ಪ್ರಶಸ್ತಿ ಅವನಿಗೆ ಬಂತು. ಆ ಹಣವನ್ನೂ ಪರಿಹಾರ ಕೆಲಸಕ್ಕೇ ಹಾಕಿದ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಜಯಂತಿ ಭಾಷಣ ಆಗುತ್ತೆ. ಅದೇ ನಾನ್ಸೆನ್ ಗ್ರೀಸ್ ಮತ್ತು ಟರ್ಕಿ ನಡುವೆ ಜನರನ್ನೇ ಅದಲುಬದಲು ಮಾಡುವ ಯೋಜನೆಗೆ ಬೆನ್ನೆಲುಬಾದ. 1923ರ ಜನವರಿ 30ರಂದು ಲೊಸಾನ್‌ನಲ್ಲಿ ಸಹಿಯಾದ ಆ ಒಪ್ಪಂದ ಕಡ್ಡಾಯವಾಗಿತ್ತು. ಆಗಲೇ ಓಡಿಹೋದವರನ್ನೂ ಸೇರಿಸಿದರೆ ಸುಮಾರು 12 ಲಕ್ಷ ಕ್ರೈಸ್ತರು ಮತ್ತು ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಶಾಶ್ವತವಾಗಿ ಮನೆ ಕಳೆದುಕೊಂಡರು. ಅಳತೆಗೋಲು ಭಾಷೆ ಅಲ್ಲ, ಧರ್ಮ. ಮನೆಯಲ್ಲಿ ಟರ್ಕಿಶ್ ಮಾತ್ರ ಮಾತಾಡುತ್ತಿದ್ದ ಕ್ರೈಸ್ತರನ್ನ ಗುರುತೇ ಇಲ್ಲದ ಗ್ರೀಸ್‌ಗೆ ಸಾಗಿಸಿದರು. ಯುದ್ಧ ಆಗಲೇ ಜನರನ್ನ ಓಡಿಸಿತ್ತು, ವ್ಯವಸ್ಥಿತವಾಗಿ ಮಾಡಿದರೆ ಸಾವು ಕಡಿಮೆ ಅನ್ನೋದು ಸಮರ್ಥಕರ ವಾದ. ಆ ವಾದ ನನಗೆ ಅರ್ಥ ಆಗುತ್ತೆ, ಆದರೆ ಒಪ್ಪೋಕೆ ಆಗಲ್ಲ. ಧರ್ಮ ನೋಡಿ ಜನರನ್ನ ವಿಂಗಡಿಸುವುದಕ್ಕೆ ಅದು ಅಂತಾರಾಷ್ಟ್ರೀಯ ಮುದ್ರೆ ಒತ್ತಿತು. 1947 ಕಂಡ ಉಪಖಂಡದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಹಿ ಸಂಗತಿ. ಉಕ್ರೇನ್‌ನ ಬರ ಪರಿಹಾರದಲ್ಲಿ ಅವನ ಕೈಕೆಳಗೆ ದುಡಿದ ಚುರುಕು ಅಧಿಕಾರಿ ವಿಡ್ಕುನ್ ಕ್ವಿಸ್ಲಿಂಗ್. 1940ರಲ್ಲಿ ನಾಜಿಗಳ ಜೊತೆ ಸೇರಿ, ದ್ರೋಹಿ ಅನ್ನೋ ಪದಕ್ಕೇ ಪರ್ಯಾಯವಾದವನು. ಸ್ವತಃ ನಾನ್ಸೆನ್ 1925ರಲ್ಲಿ ಸಮಾಜವಾದಿಗಳ ವಿರುದ್ಧದ ‘ಫೆಡ್ರಲಾಂಡ್ಸ್‌ಲಾಗೆಟ್’ ಅನ್ನೋ ಬಲಪಂಥೀಯ ಸಂಘಟನೆ ಕಟ್ಟುವವರ ಜೊತೆ ನಿಂತ. ಆದರೆ ಅವನ ಮಗ ಓಡ್ 1936ರಲ್ಲಿ ನಿರಾಶ್ರಿತರ ನೆರವಿಗೆ ಸಂಸ್ಥೆ ಕಟ್ಟಿ, ಯಹೂದಿಗಳಿಗೆ ಆಸರೆಯಾಗಿ, ನಾಜಿ ಶಿಬಿರಗಳಲ್ಲಿ ಸೆರೆಯಿದ್ದ. ಒಬ್ಬನೇ ಮನುಷ್ಯನ ನೆರಳಲ್ಲಿ ಎರಡೂ ಬೆಳೆದವು.

1930ರ ಮೇ 13ರಂದು ನಾನ್ಸೆನ್ ತೀರಿಕೊಂಡ. ಮೇ 17ರಂದು, ನಾರ್ವೆಯ ಸಂವಿಧಾನ ದಿನದಂದೇ, ಅಂತ್ಯಕ್ರಿಯೆ ನಡೆಯಿತು. ಅವನ ಹೆಸರಿನ ಕಚೇರಿಗೆ 1938ರಲ್ಲಿ ಇನ್ನೊಂದು ನೊಬೆಲ್ ಬಂತು.

ಈಗ ನಮ್ಮ ಕಡೆ ಬರೋಣ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇವತ್ತಿಗೂ ಸಹಿ ಹಾಕಿಲ್ಲ. ನಿರಾಶ್ರಿತರಿಗೇ ಅಂತ ಒಂದು ಕಾನೂನು ನಮ್ಮಲ್ಲಿಲ್ಲ. ಹಿಮಾಲಯ ದಾಟಿ ಬಂದ ಟಿಬೆಟಿಯನ್ನರಿಗೆ 1960ರ ದಶಕದ ಶುರುವಿನಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು, ಅದು ಹೆಮ್ಮೆಪಡುವ ಕೆಲಸ. ಆದರೆ ಅಲ್ಲೇ ಹುಟ್ಟಿ, ನನಗಿಂತ ಚೆನ್ನಾಗಿ ಕನ್ನಡ ಮಾತಾಡುವವರಲ್ಲೂ ಬಹಳ ಜನ ನೋಂದಣಿ ಪತ್ರ ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು, ವಿದೇಶಕ್ಕೆ ಹೋಗೋಕೆ ಹಳದಿ ರಟ್ಟಿನ ಗುರುತಿನ ಪುಸ್ತಕ ಹಿಡಿಯಬೇಕು. ಆ ಹಳದಿ ಪುಸ್ತಕ ನಾನ್ಸೆನ್ ಪಾಸ್‌ಪೋರ್ಟಿನ ದೂರದ ನೆಂಟ. ರೋಹಿಂಗ್ಯಾಗಳಿಗೆ ಅಷ್ಟೂ ಇಲ್ಲ, ಅವರ ಪಾಲಿಗೆ ಬಂಧನ ಕೇಂದ್ರದ ಭಯ. ಯಾರಿಗೆ ಜಮೀನು, ಯಾರಿಗೆ ಜೈಲು ಅನ್ನೋದನ್ನ ಆಯಾ ಕಾಲದ ಸರ್ಕಾರದ ಮರ್ಜಿ ತೀರ್ಮಾನಿಸುತ್ತಿದೆ.

ನಾನ್ಸೆನ್ ಬದುಕಿನಿಂದ ಎರಡು ಪಾಠ ಒಟ್ಟಿಗೇ ತಗೋಬೇಕು. ಮನಸ್ಸು ಮಾಡಿದರೆ ಸರ್ಕಾರಗಳು ಒಂದು ಹಾಳೆಯಿಂದ ಮನುಷ್ಯನಿಗೆ ಹಾದಿ ತೆರೆಯಬಹುದು, ಇದು 1922ರ ಪಾಠ. ಧರ್ಮದ ಗೆರೆ ಎಳೆದು ಅದೇ ಹಾಳೆಯಿಂದ ಲಕ್ಷಾಂತರ ಜನರ ಮನೆ ಕಿತ್ತುಕೊಳ್ಳಲೂಬಹುದು, ಇದು 1923ರ ಪಾಠ. ನಡುವೆ ಇದ್ದದ್ದು ಏಳೇ ತಿಂಗಳು. ನಮ್ಮ ಸಂಸತ್ತಿನಲ್ಲಿ ಮುಂದಿನ ಸಲ ಪೌರತ್ವದ ಮಸೂದೆ ಬಂದಾಗ, ಅದು ಇವೆರಡರಲ್ಲಿ ಯಾವ ಹಾಳೆ ಅಂತ ಮೊದಲು ಕೇಳಿ.