ಮೆಷಿನ್ ರಿಪೇರಿಗೆ ಸೇರಿದ ಗುನ್‌ಪೇ ಯೊಕೊಯಿ

ಜಾತ್ರೆಯಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ನೆನಪಿದೆಯಾ? ಬೂದು ಪರದೆ, ಹಳದಿ ಬಟನ್. ಡಬ್ಬಿ ಮೇಲೆ 9999 ಗೇಮ್ ಅಂತ ಬರೆದಿರ್ತಿತ್ತು, ಒಳಗೆ ಹತ್ತು ಹದಿನೈದು ಇದ್ರೆ ಅದೇ ಹೆಚ್ಚು. ಆದ್ರೆ ಪೆನ್ಸಿಲ್ ಸೆಲ್ ಹಾಕಿದ್ರೆ ಬೇಸಿಗೆ ರಜೆಯಲ್ಲಿ ಬಹಳ ದಿನ ಓಡುತ್ತಿತ್ತು. ಅದು ನಕಲಿ ಮಾಲು, ಅದರಲ್ಲಿ ಅನುಮಾನ ಇಲ್ಲ. ಯಾವುದರ ನಕಲು ಅಂತ ಹುಡುಕುತ್ತಾ ಹೋದ ನಾವು ಜಪಾನಿನ ಕ್ಯೋಟೋ ಊರಿನ ಒಬ್ಬ ಎಲೆಕ್ಟ್ರಾನಿಕ್ಸ್ ಪದವೀಧರನ ಹತ್ತಿರ ಬಂದು ನಿಂತೆವು.

ಗುನ್‌ಪೇ ಯೊಕೊಯಿ ಹುಟ್ಟಿದ್ದು 1941ರಲ್ಲಿ. ದೋಶಿಶಾ ವಿಶ್ವವಿದ್ಯಾಲಯದಲ್ಲಿ ಓದಿ 1965ರಲ್ಲಿ ನಿಂಟೆಂಡೋ ಸೇರಿದರು. ವಾವ್ ಅನ್ನಬೇಡಿ. ಆಗ ನಿಂಟೆಂಡೋ ಅಂದ್ರೆ ಇಸ್ಪೀಟು ಎಲೆ ಮಾಡೋ ಕಂಪನಿ. ಎಲೆ ತಯಾರಿಸುವ ಮೆಷಿನ್‌ಗಳು ಕೆಟ್ಟು ನಿಲ್ಲದಂತೆ ನೋಡಿಕೊಳ್ಳೋದು ಇವರ ಕೆಲಸ. ನಮ್ಮಲ್ಲಿ ಯಾರಿಗಾದ್ರೂ ಪ್ಲೇಸ್‌ಮೆಂಟಿನಲ್ಲಿ ಇಂಥ ಕೆಲಸ ಸಿಕ್ಕಿದ್ರೆ ಹಾಸ್ಟೆಲಿನಲ್ಲಿ ಸ್ವೀಟ್ ಹಂಚೋದೂ ಡೌಟು.

ಮೆಷಿನ್ ಸರಿ ಇದ್ದಾಗ ಕೆಲಸ ಇರಲಿಲ್ಲ. ಬೇಜಾರಿಗೆ ಯೊಕೊಯಿ ಒಂದು ಆಟಿಕೆ ಮಾಡಿಕೊಂಡರು. ಕತ್ತರಿಯಂತೆ ಹಿಡಿ ಒತ್ತಿದರೆ ಪಟ್ಟಿಗಳು ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಕೈ. ಅಧ್ಯಕ್ಷ ಹಿರೋಶಿ ಯಮೌಚಿ ಅದನ್ನು ನೋಡಿಬಿಟ್ಟರು. ಬೈಗುಳ ಕಾಯುತ್ತಿದ್ದವರಿಗೆ, ಇದನ್ನೇ ಮಾರಾಟಕ್ಕೆ ಮಾಡು ಅಂತ ಆರ್ಡರ್ ಬಂತು. 1966ರಲ್ಲಿ ಬಂದ ಅಲ್ಟ್ರಾ ಹ್ಯಾಂಡ್ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ರಿಪೇರಿ ಕೆಲಸ ಅಲ್ಲಿಗೆ ಮುಗೀತು.

ಎಪ್ಪತ್ತರ ದಶಕದಲ್ಲಿ ಶಾರ್ಪ್ ಮತ್ತು ಕ್ಯಾಸಿಯೊ ಕ್ಯಾಲ್ಕುಲೇಟರ್ ಬೆಲೆಯಲ್ಲಿ ಜಿದ್ದಿಗೆ ಬಿದ್ದವು. ಎಲ್‌ಸಿಡಿ, ಚಿಪ್ಪು ಎಲ್ಲ ಅಗ್ಗವಾದವು. ಬುಲೆಟ್ ಟ್ರೇನಿನಲ್ಲಿ ಒಬ್ಬ ಆಫೀಸಿನವ ಹೊತ್ತು ಹೋಗದೆ ಕ್ಯಾಲ್ಕುಲೇಟರ್ ಬಟನ್ ಒತ್ತುತ್ತಾ ಕೂತದ್ದು ಯೊಕೊಯಿ ಕಣ್ಣಿಗೆ ಬಿತ್ತು. 1980ರಲ್ಲಿ ಗೇಮ್ ಅಂಡ್ ವಾಚ್ ಬಂತು. ಕ್ಯಾಲ್ಕುಲೇಟರಿನಲ್ಲಿ ಅಂಕಿಯ ಗೆರೆಗಳು ಮೊದಲೇ ಅಚ್ಚಾಗಿರ್ತಾವಲ್ಲ, ಹಾಗೇ ಇಲ್ಲಿ ಮನುಷ್ಯನ ಕೈ, ಕಾಲು, ಚೆಂಡು ಅಚ್ಚಾಗಿದ್ದವು. ಒಂದಾದ ಮೇಲೊಂದು ಕಪ್ಪಾದರೆ ಚೆಂಡು ಹಾರಿದಂತೆ ಕಾಣುತ್ತಿತ್ತು. ಈ ಸರಣಿ ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾಯಿತು.

1982ರಲ್ಲಿ ಡಾಂಕಿ ಕಾಂಗ್ ಆಟವನ್ನು ಮಡಚುವ ಗೇಮ್ ಅಂಡ್ ವಾಚ್‌ಗೆ ತರಬೇಕಾಯಿತು. ಜಾಯ್‌ಸ್ಟಿಕ್ ಇಟ್ಟರೆ ಮುಚ್ಚಳ ಮುಚ್ಚಲ್ಲ. ಅದಕ್ಕೆ ಚಪ್ಪಟೆಯಾದ ಕೂಡು ಚಿಹ್ನೆಯಂಥ ಬಟನ್ ಮಾಡಿದರು. ಕಣ್ಣು ಪರದೆ ಮೇಲಿದ್ದರೂ ಹೆಬ್ಬೆರಳಿಗೆ ದಿಕ್ಕು ಗೊತ್ತಾಗುತ್ತೆ. ನಮ್ಮ ರೂಮಿನಲ್ಲಿರೋ ಗೇಮ್‌ಪ್ಯಾಡಿನ ಎಡಗಡೆ ಇಂದಿಗೂ ಅದೇ ಇದೆ.

ಇನ್ನು ಗೇಮ್ ಬಾಯ್. 1989ರ ಏಪ್ರಿಲಿನಲ್ಲಿ ಜಪಾನಿನಲ್ಲಿ ಬಿಡುಗಡೆ. ಬಣ್ಣ ಇಲ್ಲ, ಪರದೆಗೆ ಬೆಳಕಿಲ್ಲ. 160x144 ಪಿಕ್ಸೆಲ್, ನಾಲ್ಕೇ ಛಾಯೆ, 8 ಕಿಲೋಬೈಟ್ ರ್‍ಯಾಮ್. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಕಲರ್ ಇತ್ತು, ಮರುವರ್ಷದ ಸೆಗಾ ಗೇಮ್ ಗಿಯರ್‌ಗೂ ಇತ್ತು. ಸ್ಪೆಕ್ ಶೀಟ್ ನೋಡಿದರೆ ಗೇಮ್ ಬಾಯ್ ಸೋಲಲೇಬೇಕು. ಆದರೆ ಅವೆರಡೂ ಆರು ಸೆಲ್ ತಿಂದು ನಾಲ್ಕೈದು ಗಂಟೆಗೆ ಮಲಗುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆ ದಾಟುತ್ತಿತ್ತು, ಬೆಲೆಯೂ ಕಡಿಮೆ. ಹಳೆಯದಾಗಿ ಅಗ್ಗವಾದ, ಗುಣದೋಷ ಎಲ್ಲ ಗೊತ್ತಿರುವ ತಂತ್ರಜ್ಞಾನವನ್ನೇ ಯಾರೂ ಯೋಚಿಸದ ಕಡೆ ಬಳಸಬೇಕು ಅನ್ನೋದು ಯೊಕೊಯಿ ನಂಬಿಕೆ. ಕಳೆದ ಸೆಮ್ ಮಿನಿ ಪ್ರಾಜೆಕ್ಟಿಗೆ ನಾವು ಶೋಕಿಗೆ ಕಲರ್ ಡಿಸ್‌ಪ್ಲೇ ಹಾಕಿ, ಡೆಮೊ ಮಧ್ಯದಲ್ಲೇ ಬ್ಯಾಟರಿ ಸತ್ತು, ಬಾಯಿ ಬಾಯಿ ಬಿಟ್ಟು ನಿಂತಿದ್ದೆವು. ತೋರಿಸಬೇಕಾಗಿದ್ದದ್ದು ಎರಡಂಕಿಯ ಟೆಂಪರೇಚರ್! ಈ ಕಥೆ ಮೊದಲೇ ಓದಿದ್ದರೆ ಸೆವೆನ್ ಸೆಗ್ಮೆಂಟಿಗೇ ಸುಮ್ಮನಾಗುತ್ತಿದ್ದೆವು.

ಗೇಮ್ ಬಾಯ್ ಒಬ್ಬರೇ ಮಾಡಿದ್ದಲ್ಲ, ಸತೊರು ಒಕಾಡಾ ಮೊದಲಾದ ಎಂಜಿನಿಯರುಗಳ ಪಾಲು ದೊಡ್ಡದು. ಗೆಲ್ಲಿಸಿದ್ದರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಟೆಟ್ರಿಸ್‌ಗೂ ಪಾಲಿದೆ. ಜಾತ್ರೆಯ ಬ್ರಿಕ್ ಗೇಮ್ ಕದ್ದದ್ದು ಆ ಟೆಟ್ರಿಸ್ ಅನ್ನೇ. ಮುಂದೆ ಬಂದ ಕಲರ್ ಮಾದರಿಯನ್ನೂ ಸೇರಿಸಿದರೆ ಗೇಮ್ ಬಾಯ್ ಮಾರಾಟ 11 ಕೋಟಿ ದಾಟಿತು.

ಇಂಥವರು ಸೋಲಲೇ ಇಲ್ಲ ಅಂದ್ಕೋಬೇಡಿ. 1995ರ ವರ್ಚುವಲ್ ಬಾಯ್ ಪೂರ್ತಿ ತೋಪು. ಮೇಜಿನ ಮೇಲಿಟ್ಟು ಮುಖ ಒಳಗೆ ತೂರಿಸಿ ನೋಡೋ 3ಡಿ ಯಂತ್ರ, ಕಪ್ಪಿನ ಮೇಲೆ ಬರೀ ಕೆಂಪು ಚಿತ್ರ. ಜನಕ್ಕೆ ತಲೆನೋವು ಬಂತು. 8 ಲಕ್ಷವೂ ಮಾರಾಟವಾಗದೆ ವರ್ಷದೊಳಗೆ ನಿಂತಿತು. 1996ರಲ್ಲಿ ತೆಳ್ಳನೆಯ ಗೇಮ್ ಬಾಯ್ ಪಾಕೆಟ್ ಬಂದ ಬೆನ್ನಿಗೇ ಯೊಕೊಯಿ ಕಂಪನಿ ಬಿಟ್ಟರು. ಸೋಲಿಗೆ ಶಿಕ್ಷೆ ಅಂತ ಜನ ಮಾತಾಡಿಕೊಂಡರು. ಅದಲ್ಲ, ಸ್ವಂತ ಕೆಲಸ ಶುರುಮಾಡುವ ಆಸೆ ಮೊದಲಿಂದ ಇತ್ತು ಅಂತ ಅವರು ಹೇಳಿಕೊಂಡಿದ್ದರು. ನಾವು ಅವರ ಮಾತನ್ನೇ ನಂಬುತ್ತೇವೆ, 31 ವರ್ಷ ಒಂದೇ ಕಡೆ ಇದ್ದವರು ಅಲ್ಲವಾ.

ಕೋಟೋ ಎಂಬ ಸಣ್ಣ ಕಂಪನಿ ಕಟ್ಟಿ, ಬಂಡಾಯ್ ಸಂಸ್ಥೆಗಾಗಿ ಹೊಸ ಹ್ಯಾಂಡ್‌ಹೆಲ್ಡ್ ಕೆಲಸದಲ್ಲಿ ತೊಡಗಿದ್ದರು. 1997ರ ಅಕ್ಟೋಬರ್ 4ರಂದು ಹೊಕುರಿಕು ಹೈವೇಯಲ್ಲಿ ಅವರಿದ್ದ ಕಾರು ಮುಂದಿನ ವಾಹನಕ್ಕೆ ತಾಗಿತು. ಏನಾಯ್ತು ನೋಡೋಣ ಅಂತ ಕೆಳಗಿಳಿದರು. ಇನ್ನೊಂದು ಕಾರು ಬಂದು ಗುದ್ದಿತು. ವಯಸ್ಸು 56.

ಆ ಯಂತ್ರ, ವಂಡರ್‌ಸ್ವಾನ್, ಬಂದದ್ದು 1999ರ ಮಾರ್ಚಿನಲ್ಲಿ. ಮತ್ತೆ ಕಪ್ಪು ಬಿಳುಪು ಪರದೆ, ಈ ಸಲ ಒಂದೇ ಒಂದು ಸೆಲ್. ಅದರ ಜೊತೆ ಬಂದ ಒಂದು ಪಝಲ್ ಆಟದಲ್ಲಿ ಚೂರು ಚೂರು ಗೆರೆಗಳನ್ನು ಮೇಲೆ ಕೆಳಗೆ ಸರಿಸಿ ಎಡದಿಂದ ಬಲದವರೆಗೆ ಜೋಡಿಸಬೇಕು. ಆಟಕ್ಕೆ ಗುನ್‌ಪೇ ಅಂತಲೇ ಹೆಸರಿಟ್ಟರು.